ಗೇಮ್ ಚಂದಾಕ್ಕೂ ಔಟ್‌ಟರ್ನ್ ನೋಡಿ ದುಡ್ಡು ಕೊಡಿ

ಪುನರ್ವಸು ಮಳೆ ಹಿಡಿದಿದ್ದ ಒಂದು ಸಂಜೆ ಆಲ್ದೂರು ಕಡೆಯ ಬೆಳೆಗಾರರೊಬ್ಬರು ಕೊಡೆಯನ್ನು ಬಾಗಿಲಿಗೆ ಒರಗಿಸಿ ನಮ್ಮ ಅಂಗಡಿಯೊಳಗೆ ಬಂದರು. ಹಿಂದೆಯೇ ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಮಗ. ಅವರು ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು ಟೇಬಲ್ ಮೇಲೆ ಬಿಡಿಸಿಟ್ಟರು. ಮೂರು ಮೊತ್ತಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿತ್ತು: 499, 399, 149.

"ಇದ್ಯಾವ ವೈರಸ್ಸು ನೋಡಿ ಸ್ವಲ್ಪ. ತಿಂಗಳು ತಪ್ಪದೆ ಹೋಗ್ತಾ ಇದೆ."

"ವೈರಸ್ ಅಲ್ಲಪ್ಪ, ಗೇಮಿಂದು. ನಾನೇ ಹಾಕಿದ್ದು" ಎಂದ ಮಗ.

ನಾನು ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ನಾನೂ ಗೇಮ್ ಆಡುವವನೇ. ಹಾಗಾಗಿ ಅಪ್ಪನ ಸಿಟ್ಟೂ ಅರ್ಥವಾಯಿತು, ಮಗನ ಆಸೆಯೂ ಅರ್ಥವಾಯಿತು. ಮೂರನ್ನೂ ಕೂಡಿಸಿದರೆ ತಿಂಗಳಿಗೆ 1,047 ರೂಪಾಯಿ, ವರ್ಷಕ್ಕೆ 12,564. ಹುಡುಗನಿಗೆ ಆ ವರ್ಷದ ಮೊತ್ತ ಗೊತ್ತೇ ಇರಲಿಲ್ಲ. "ಇಷ್ಟು ದುಡ್ಡಿಗೆ ಇದು ಸರಿಯಾದ ಮಾಲಾ?" ಎಂದು ಅಪ್ಪ ಕೇಳಿದರು. ಕಾಫಿ ಮಾರುವವರ ಬಾಯಲ್ಲಿ ಬರುವ ಪ್ರಶ್ನೆಯೇ ಅದು. ಉತ್ತರವನ್ನೂ ಕಾಫಿ ಲೆಕ್ಕದಲ್ಲೇ ಹುಡುಕಬಹುದು ಅನ್ನಿಸಿತು.

ನಮ್ಮ ಕಡೆ ಚೆರಿ ಕಾಫಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ, ಮೂಟೆಗೆ ಸುಮ್ಮನೆ ತೂಕ ನೋಡಿ ಯಾರೂ ದುಡ್ಡು ಕೊಡುವುದಿಲ್ಲ. ವ್ಯಾಪಾರಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗುತ್ತಾನೆ. 50 ಕೆ.ಜಿ. ಮೂಟೆಯಲ್ಲಿ ಕ್ಲೀನ್ ಕಾಫಿ ಎಷ್ಟು ಕೆ.ಜಿ. ಬರುತ್ತದೋ ಅದೇ ಔಟ್‌ಟರ್ನ್, ಚಿಕ್ಕದಾಗಿ ಓಟಿ. ಓಟಿ 26 ಬಂದರೆ ಒಂದು ರೇಟು, 28 ಬಂದರೆ ಇನ್ನೊಂದು. ಗೇಮ್ ಚಂದಾವೂ ಹಾಗೆಯೇ. ಅವರು ತೋರಿಸುವ ನೂರಾರು ಗೇಮ್‌ಗಳ ಪಟ್ಟಿ ಮೂಟೆ. ನಿಮ್ಮ ಮನೆಯಲ್ಲಿ, ನಿಮ್ಮ ಕರೆಂಟಿನಲ್ಲಿ, ನಿಮ್ಮ ನೆಟ್‌ವರ್ಕಿನಲ್ಲಿ ನೀವು ಖುಷಿಯಿಂದ ಆಡಿದ ಹೊತ್ತು ಬೀಜ. ಅವತ್ತು ಆ ಅಪ್ಪ-ಮಗನ ಜೊತೆ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಒಂದೊಂದು ಹೆಜ್ಜೆಯಾಗಿ ಬರೆಯುತ್ತೇನೆ.

ಹೆಜ್ಜೆ 1: ಹೋಗುತ್ತಿರುವುದನ್ನು ಮೊದಲು ಪತ್ತೆಹಚ್ಚಿ

ಬೆಲೆ ಸರಿಯೋ ತಪ್ಪೋ ಎನ್ನುವ ಮೊದಲು, ಯಾವುದಕ್ಕೆಲ್ಲ ದುಡ್ಡು ಹೋಗುತ್ತಿದೆ ಎಂದು ತಿಳಿಯಬೇಕು. ಮೂರು ಕಡೆ ನೋಡಿ. ಒಂದು, ಫೋನಿನ ಪ್ಲೇ ಸ್ಟೋರ್. ಮೇಲ್ಗಡೆ ನಿಮ್ಮ ಚಿತ್ರ ಒತ್ತಿ, ಪಾವತಿ ಮತ್ತು ಸಬ್‌ಸ್ಕ್ರಿಪ್ಶನ್ ಎನ್ನುವಲ್ಲಿಗೆ ಹೋದರೆ ನಡೆಯುತ್ತಿರುವ ಚಂದಾಗಳು ಕಾಣುತ್ತವೆ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿದರೆ ಸಿಗುತ್ತದೆ. ಎರಡು, ನೀವು ಬಳಸುವ ಯುಪಿಐ ಆ್ಯಪ್‌ನಲ್ಲಿರುವ ಆಟೋಪೇ ಪಟ್ಟಿ. ಮೂರು, ಕಾರ್ಡ್ ಕೊಟ್ಟಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿರುವ ಮ್ಯಾಂಡೇಟ್ ಪಟ್ಟಿ, ಅಂದರೆ ತಾನಾಗಿ ದುಡ್ಡು ಕಡಿಯಲು ನೀವು ಕೊಟ್ಟ ಅನುಮತಿಗಳ ಪಟ್ಟಿ. ಪಿ.ಸಿ. ಅಥವಾ ಕನ್ಸೋಲ್ (ಟಿ.ವಿ.ಗೆ ಸಿಕ್ಕಿಸಿ ಆಡುವ ಗೇಮ್ ಮೆಷೀನ್) ಚಂದಾಗಳು ಪ್ಲೇ ಸ್ಟೋರಿನಲ್ಲಿ ಕಾಣುವುದಿಲ್ಲ, ಅದಕ್ಕೇ ಮೂರೂ ಕಡೆ ಹುಡುಕಬೇಕು.

ಅಂಗಡಿಯಲ್ಲಿ ನಾನು ದಿನವೂ ಕೇಳುವ ಒಂದು ತಪ್ಪು ತಿಳಿವಳಿಕೆಯಿದೆ: "ಗೇಮನ್ನೇ ಡಿಲೀಟ್ ಮಾಡಿದ್ದೀನಲ್ಲ, ಇನ್ನೇನು?" ಗೇಮ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಚಂದಾವನ್ನು ಬೇರೆಯಾಗಿಯೇ ರದ್ದು ಮಾಡಬೇಕು. ರದ್ದು ಮಾಡಿದರೂ ದುಡ್ಡು ಕೊಟ್ಟ ಅವಧಿ ಮುಗಿಯುವವರೆಗೆ ಸಾಮಾನ್ಯವಾಗಿ ಆಡಬಹುದು. ಆದ್ದರಿಂದ ಹೊಸ ಚಂದಾ ತೆಗೆದುಕೊಂಡ ದಿನವೇ ಮುಂದಿನ ತಿಂಗಳ ನವೀಕರಣವನ್ನು ರದ್ದು ಮಾಡಿಬಿಡುವುದು ನನ್ನ ಪದ್ಧತಿ. ಬೇಕೆನಿಸಿದರೆ ಮತ್ತೆ ಹಾಕಿದರಾಯಿತು. ಉಚಿತ ಟ್ರಯಲ್ ತೆಗೆದುಕೊಂಡಾಗ ಇದು ಇನ್ನೂ ಮುಖ್ಯ, ಆದರೆ ಕೆಲವು ಟ್ರಯಲ್‌ಗಳು ರದ್ದು ಮಾಡಿದ ಕೂಡಲೇ ನಿಲ್ಲುತ್ತವೆ. ಅಂಥವಕ್ಕೆ ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಇಂಥ ತಿಂಗಳ ಕಡಿತಕ್ಕೆ 24 ಗಂಟೆ ಮೊದಲೇ ನಿಮಗೆ ಸೂಚನೆ ಬರಬೇಕು. 2021ರ ಅಕ್ಟೋಬರ್‌ನಿಂದ ಇದು ಜಾರಿಯಲ್ಲಿದೆ. ಆದರೆ 15,000 ರೂಪಾಯಿಯೊಳಗಿನ ಮೊತ್ತಕ್ಕೆ ಪ್ರತಿ ತಿಂಗಳೂ ಓಟಿಪಿ ಕೇಳುವುದಿಲ್ಲ. ಗೇಮ್ ಚಂದಾಗಳೆಲ್ಲ ಈ ಮಿತಿಯ ಒಳಗೇ ಬರುತ್ತವೆ. ತೋಟದ ಮನೆಯಲ್ಲಿ ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಬಂದು ಬೀಳುವ ಇಪ್ಪತ್ತು ಎಸ್‌ಎಂಎಸ್‌ಗಳಲ್ಲಿ ಆ ಸೂಚನೆಯೂ ಒಂದಾಗಿರುತ್ತದೆ, ಯಾರೂ ಓದಿರುವುದಿಲ್ಲ. ಆ ಬೆಳೆಗಾರರ ಫೋನಿನಲ್ಲಿಯೂ ಹಾಗೇ ಆಗಿತ್ತು. ಸ್ಕ್ರೋಲ್ ಮಾಡಿ ನೋಡಿದರೆ ಸೂಚನೆಗಳೆಲ್ಲ ಸಾಲಾಗಿ ಕೂತಿದ್ದವು.

ಹೆಜ್ಜೆ 2: ಏನು ಕೊಳ್ಳುತ್ತಿದ್ದೀರಿ ಎಂದು ಗುರುತಿಸಿ

ಚಂದಾ ಎಂದರೆ ಎಲ್ಲವೂ ಒಂದೇ ಅಲ್ಲ. ಹುಡುಗನ ಮೂರು ಚಂದಾಗಳೇ ಮೂರು ಜಾತಿಯವು.

499ರದು ಕನ್ಸೋಲ್‌ನಲ್ಲಿ ಗೆಳೆಯರ ಜೊತೆ ಆನ್‌ಲೈನ್ ಆಡುವುದಕ್ಕೆ ಕೊಡುವ ಬಾಡಿಗೆ. ಕನ್ಸೋಲ್‌ಗಳಲ್ಲಿ ದುಡ್ಡು ಕೊಟ್ಟು ಕೊಂಡ ಗೇಮನ್ನೂ ಆನ್‌ಲೈನ್ ಆಡಬೇಕಾದರೆ ಸಾಮಾನ್ಯವಾಗಿ ಚಂದಾ ಬೇಕು. ಪಿ.ಸಿ.ಯಲ್ಲಿ ಬಹುತೇಕ ಬೇಡ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಫೋರ್ಟ್‌ನೈಟ್‌ನಂಥ ಉಚಿತ ಗೇಮ್‌ಗಳನ್ನು ಪ್ಲೇಸ್ಟೇಷನ್ ಕನ್ಸೋಲ್‌ನಲ್ಲಿ ಆಡಲು ಅದರ ಪ್ಲಸ್ ಚಂದಾ ಬೇಕಾಗಿಲ್ಲ. ಮನೆಯ ಹುಡುಗ ಆಡುವುದು ಅದೊಂದನ್ನೇ ಆದರೆ ಆ ದುಡ್ಡು ಪೂರ್ತಿ ದಂಡ.

399ರದು ಗೇಮ್‌ಗಳ ಗ್ರಂಥಾಲಯ. ಚಂದಾ ಇರುವವರೆಗೆ ಓದು, ನಿಲ್ಲಿಸಿದರೆ ಪುಸ್ತಕ ವಾಪಸ್. ಗ್ರಂಥಾಲಯದವರೂ ಆಗಾಗ ಕೆಲವು ಪುಸ್ತಕಗಳನ್ನು ಕಪಾಟಿನಿಂದ ತೆಗೆದುಬಿಡುತ್ತಾರೆ. ಇಲ್ಲಿ ಒಂದು ಗುಂಡಿಯಿದೆ, ನೋಡಿ ಕಾಲಿಡಿ. ಪಟ್ಟಿಯಲ್ಲಿರುವ ಗೇಮಿಗೆ ಮೇಲುಭಾಗವನ್ನು, ಅಂದರೆ ಹೆಚ್ಚುವರಿ ಕಥೆಯನ್ನೋ ನಕ್ಷೆಯನ್ನೋ, ನೀವು ಬೇರೆ ದುಡ್ಡು ಕೊಟ್ಟು ಕೊಂಡಿರಿ ಎನ್ನಿ. ನಾಳೆ ಮೂಲ ಗೇಮ್ ಪಟ್ಟಿಯಿಂದ ಹೋದರೆ ನೀವು ಕೊಂಡದ್ದು ಹಾಗೇ ಕೂತಿರುತ್ತದೆ. ಮೂಲ ಗೇಮನ್ನು ಪೂರ್ತಿ ಬೆಲೆಗೆ ಕೊಳ್ಳುವವರೆಗೂ ಅದನ್ನು ತೆರೆಯಲಾಗದು. ಬಾಡಿಗೆ ಮನೆಗೆ ಟೈಲ್ಸ್ ಹಾಕಿಸಿದ ಹಾಗೆ.

149ರದು ಫೋನ್ ಗೇಮಿನ ತಿಂಗಳ ಕಾರ್ಡ್. ದಿನವೂ ಲಾಗಿನ್ ಆದರೆ ಇಷ್ಟು ನಾಣ್ಯ ಕೊಡುತ್ತೇವೆ ಎನ್ನುವ ಒಪ್ಪಂದ. ಒಂದು ದಿನ ತಪ್ಪಿದರೆ ಆ ದಿನದ ನಾಣ್ಯ ಹೋಯಿತು.

ಒಂದೇ ಸಲ ದುಡ್ಡು ಕೊಟ್ಟು ಕೊಂಡದ್ದೂ ಪೂರ್ತಿ ನಿಮ್ಮದಲ್ಲ, ಬಹುತೇಕ ಅದು ಬಳಸುವ ಪರವಾನಗಿ ಅಷ್ಟೇ. 2014ರಲ್ಲಿ ಬಂದ 'ದಿ ಕ್ರೂ' ಎನ್ನುವ ಕಾರು ಓಡಿಸುವ ಗೇಮಿನ ಸರ್ವರ್‌ಗಳನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಅಂಗಡಿಯಲ್ಲಿ ಡಿಸ್ಕ್ ಕೊಂಡವರಿಗೂ ಗೇಮ್ ಆಡಲು ಬಾರದಾಯಿತು. ನಮ್ಮಲ್ಲೇ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾದಾಗ ಹುಡುಗರು ಕೊಂಡಿದ್ದ ಬಟ್ಟೆಬರೆ, ಬಂದೂಕಿನ ಬಣ್ಣ ಎಲ್ಲ ಒಳಗೇ ಉಳಿದವು. ಮರುವರ್ಷ ಅದರ ಭಾರತದ ಆವೃತ್ತಿ ಬಿಜಿಎಂಐ ಬಂದು ಹಳೆಯ ಖಾತೆ ವರ್ಗಾಯಿಸಿಕೊಳ್ಳಲು ಅವಕಾಶ ಕೊಟ್ಟದ್ದರಿಂದ ಕೆಲವರಿಗೆ ಉಳಿಯಿತು. ಎಲ್ಲ ಗೇಮ್‌ನಲ್ಲೂ ಹಾಗಾಗುವುದಿಲ್ಲ. ಆದ್ದರಿಂದ 'ಇದು ಶಾಶ್ವತ' ಎಂದು ಯಾವ ಗೇಮ್ ಹೇಳಿದರೂ, ಇನ್ನೆರಡು ವರ್ಷ ಮಾತ್ರ ಇರುತ್ತದೆ ಎಂದುಕೊಂಡೇ ಬೆಲೆ ಕಟ್ಟಿ.

ಹೆಜ್ಜೆ 3: ಒಂದು ತಿಂಗಳು ನೋಟ್‌ಬುಕ್ ಇಟ್ಟು ಓಟಿ ತೆಗೆಯಿರಿ

ತೋಟದಲ್ಲಿ ಆಳುಗಳ ಹಾಜರಿಗೆ ಚೆಕ್‌ರೋಲ್ ಬರೆಯುತ್ತೇವಲ್ಲ, ಅದೇ ಥರ. ಒಂದು ಕಾಲಂ ತಾರೀಕು, ಒಂದು ಕಾಲಂ ಗೇಮು, ಒಂದು ಕಾಲಂ ಆಡಿದ ಹೊತ್ತು. ಫೋನಿನ ಸ್ಕ್ರೀನ್ ಟೈಮ್ ನೋಡಿದರೂ ಹೊತ್ತು ಸಿಗುತ್ತದೆ. ಆದರೆ ನಾಲ್ಕನೆಯ ಕಾಲಂ ಒಂದನ್ನು ಕೈಯಲ್ಲೇ ಬರೆಯಬೇಕು: ಇಷ್ಟಪಟ್ಟು ಆಡಿದ್ದಾ, ಬಿಟ್ಟರೆ ನಷ್ಟವಾಗುತ್ತದೆಂದು ಆಡಿದ್ದಾ?

ಈ ನಾಲ್ಕನೆಯ ಕಾಲಮ್ಮೇ ಮುಖ್ಯ. ಗಂಟೆಗೆ ಎಷ್ಟು ರೂಪಾಯಿ ಬಿತ್ತು ಎಂದು ಭಾಗಿಸುವುದು ಎಲ್ಲರಿಗೂ ಬರುತ್ತದೆ. ತೊಂದರೆ ಏನೆಂದರೆ, ಈ ಗೇಮ್‌ಗಳನ್ನು ಮಾಡಿರುವುದೇ ಗಂಟೆ ಹೆಚ್ಚಾಗುವ ಹಾಗೆ. ದಿನದ ಲಾಗಿನ್, ವಾರದ ಮಿಷನ್, ಹತ್ತು ಸಲ ಅದೇ ಮ್ಯಾಚ್. ಇದನ್ನೆಲ್ಲ ಸೇರಿಸಿ ಭಾಗಿಸಿದರೆ ಅತಿ ಬೇಸರದ ಗೇಮೇ ಅತಿ ಅಗ್ಗ ಎಂದು ತೋರುತ್ತದೆ. ಸಿಪ್ಪೆಯನ್ನೂ ತೂಕಕ್ಕೆ ಹಾಕಿದ ಹಾಗಾಯಿತು. ಸಿಪ್ಪೆ ತೆಗೆದು ತೂಗಿ.

ಹುಡುಗ ನೆನಪಿನ ಮೇಲೆ ಹೇಳಿದ, ನಾನು ಬಿಲ್ಲಿನ ಹಿಂಬದಿಯಲ್ಲಿ ಬರೆದೆ. ಕನ್ಸೋಲ್‌ನಲ್ಲಿ ಗೆಳೆಯರ ಜೊತೆ ಫುಟ್‌ಬಾಲ್, ತಿಂಗಳಿಗೆ ಸುಮಾರು 22 ಗಂಟೆ, ಎಲ್ಲವೂ ಖುಷಿಯದು. 499ನ್ನು 22ರಿಂದ ಭಾಗಿಸಿದರೆ ಗಂಟೆಗೆ 22 ರೂಪಾಯಿ ಚಿಲ್ಲರೆ. ಗ್ರಂಥಾಲಯದ್ದು ತಿಂಗಳಿಗೆ ಮೂರು ಗಂಟೆ, ಅಂದರೆ ಗಂಟೆಗೆ 133. ತಿಂಗಳ ಕಾರ್ಡಿನದು ದಿನಕ್ಕೆ ಐದು ನಿಮಿಷ, ತಿಂಗಳಿಗೆ ಎರಡೂವರೆ ಗಂಟೆ. ಗಂಟೆಗೆ ಹೆಚ್ಚುಕಡಿಮೆ 60. "ಅದರಲ್ಲಿ ಇಷ್ಟಪಟ್ಟು ಆಡಿದ್ದೆಷ್ಟು?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಆಡೋದಲ್ಲ ಅಣ್ಣ, ಒತ್ತಿ ಬರೋದು" ಎಂದ. ಅಲ್ಲಿಗೆ ಅದರ ಓಟಿ ಸೊನ್ನೆ.

ಹೋಲಿಕೆಗೆ ಒಂದು ಅಳತೆ ಬೇಕಲ್ಲ. 150 ರೂಪಾಯಿ ಟಿಕೆಟ್ ಕೊಟ್ಟು ಎರಡೂವರೆ ಗಂಟೆಯ ಸಿನಿಮಾ ನೋಡಿದರೆ ಗಂಟೆಗೆ 60 ರೂಪಾಯಿ ಬೀಳುತ್ತದೆ. ಮನೆಯಲ್ಲಿ ಕೂತು, ನಮ್ಮದೇ ಕರೆಂಟು, ನಮ್ಮದೇ ಮೆಷೀನಿನಲ್ಲಿ ಆಡುವ ಗೇಮಿಗೆ ನಾನು ಗಂಟೆಗೆ 25ಕ್ಕಿಂತ ಹೆಚ್ಚು ಕೊಡುವುದಿಲ್ಲ. ನಿಮ್ಮ ಗೆರೆ ಬೇರೆ ಇರಬಹುದು, ಆದರೆ ಒಂದು ಗೆರೆ ಇರಲಿ.

ಮಲೆನಾಡಿಗೆ ಬೇಕಾದ ಇನ್ನೆರಡು ಲೆಕ್ಕ

ವರ್ಷದ ಚಂದಾ ಕಟ್ಟಿದರೆ ಅಗ್ಗ ಎನ್ನುತ್ತಾರೆ. ಯಾರಿಗೆ ಅಗ್ಗ? ಫೋನ್ ಗೇಮ್‌ಗಳ ಚಂದಾ ಗೂಗಲ್ ಪ್ಲೇ ಪಾಸ್ 2022ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ತಿಂಗಳಿಗೆ 99, ವರ್ಷಕ್ಕೆ 889 ರೂಪಾಯಿ ಇಟ್ಟಿತ್ತು. ಒಂಬತ್ತು ತಿಂಗಳ ಚಂದಾ ಎಂದರೆ 891. ಅಂದರೆ ವರ್ಷದಲ್ಲಿ ಒಂಬತ್ತು ತಿಂಗಳಾದರೂ ಆಡಿದರೆ ಮಾತ್ರ ವರ್ಷದ ಚಂದಾ ಲಾಭ. ಈಗ ನಮ್ಮ ವರ್ಷ ನೋಡಿ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮೂಡಿಗೆರೆ, ಕಳಸ, ಕೊಪ್ಪದ ಒಳಹಳ್ಳಿಗಳಲ್ಲಿ ದಿನಗಟ್ಟಲೆ ಕರೆಂಟಿಲ್ಲ. ಡಿಸೆಂಬರ್, ಜನವರಿ ಕಾಫಿ ಕೊಯ್ಲು, ಕಣ, ರಾತ್ರಿ ಕಾವಲು. ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ. ಎಣಿಸಿದರೆ ಏಳು ತಿಂಗಳು ಉಳಿಯುವುದೂ ಕಷ್ಟ. ಬೆಂಗಳೂರಿನ ಫ್ಲ್ಯಾಟಿನಲ್ಲಿರುವವನಿಗೆ ಲಾಭದ ಪ್ಲಾನ್ ಬಾಳೂರಿನ ತೋಟದವನಿಗೆ ನಷ್ಟದ್ದು. ಬೇಕಾದ ತಿಂಗಳು ಮಾತ್ರ ಕಟ್ಟಿ, ಉಳಿದ ತಿಂಗಳು ನಿಲ್ಲಿಸಿ. ಹೀಗೆ ನಿಲ್ಲಿಸಿ ಹಾಕುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಎರಡನೆಯದು ಡೇಟಾ. ಈಗಿನ ದೊಡ್ಡ ಪಿ.ಸಿ. ಗೇಮ್‌ಗಳು 60 ಜಿ.ಬಿ., 100 ಜಿ.ಬಿ. ಇರುತ್ತವೆ. ಮನೆಗೆ ಫೈಬರ್ ಬಂದಿಲ್ಲ, ದಿನಕ್ಕೆ ಒಂದೂವರೆ ಜಿ.ಬಿ. ಸಿಗುವ ಮೊಬೈಲ್ ಪ್ಯಾಕ್ ಒಂದೇ ದಿಕ್ಕು ಎಂದರೆ, 60 ಜಿ.ಬಿ. ಗೇಮ್ ಇಳಿಸಲು 40 ದಿನ ಬೇಕು. ಆ ನಲವತ್ತು ದಿನ ಬೇರೇನನ್ನೂ ನೋಡದಿದ್ದರೆ. ಗೇಮ್ ಇಳಿಯುವಷ್ಟರಲ್ಲಿ ಒಂದು ತಿಂಗಳ ಚಂದಾ ಮುಗಿದು ಎರಡನೆಯದು ಶುರುವಾಗಿರುತ್ತದೆ. ಗೇಮ್ ಇಳಿಸದೆ ದೂರದ ಸರ್ವರಿನಿಂದಲೇ ಆಡಿಸುವ ಕ್ಲೌಡ್ ಗೇಮಿಂಗ್ ಮರದ ಮೇಲಿನ ಸಿಗ್ನಲ್ ನಂಬಿಕೊಂಡವರಿಗೆ ಆಗಿಬರುವುದಿಲ್ಲ. ತೋಟದಲ್ಲಿರುವವರಿಗೆ ನನ್ನ ಸಲಹೆ ಇಷ್ಟೇ: ಆಫ್‌ಲೈನ್ ಆಡಬಹುದಾದ ಗೇಮನ್ನು ರಿಯಾಯಿತಿ ಬಂದಾಗ ಒಂದೇ ಸಲ ಕೊಳ್ಳಿ, ಪೇಟೆಯಲ್ಲಿ ಫೈಬರ್ ಇರುವ ನೆಂಟರ ಮನೆಯಲ್ಲಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಹೋಗಿ.

ಹೆಜ್ಜೆ 4: ನಾಣ್ಯವನ್ನು ರೂಪಾಯಿಗೆ ತಿರುಗಿಸಿ

ಇನ್ನು ಚಂದಾ ಅಲ್ಲದ ಬಿಡಿ ಖರ್ಚು. ಯುಸಿ, ಡೈಮಂಡ್, ರೋಬಕ್ಸ್, ಹೀಗೆ ಗೇಮಿಗೊಂದು ನಾಣ್ಯ. ಇದು ಹೊಸದೇನಲ್ಲ. 2006ರಲ್ಲಿ 'ಆಬ್ಲಿವಿಯನ್' ಎನ್ನುವ ಗೇಮಿನ ಕುದುರೆಗೆ ಹಾಕುವ ಕವಚವನ್ನು ಎಕ್ಸ್‌ಬಾಕ್ಸ್‌ನಲ್ಲಿ 200 ಪಾಯಿಂಟ್‌ಗೆ ಮಾರಿದರು, ಅಂದರೆ ಎರಡೂವರೆ ಡಾಲರಿಗೆ. ಜನ ಬಹಳ ಬೈದರು. ಬೈದವರೂ ಕೊಂಡರು. ಆ ದಾರಿ ಅಲ್ಲಿಂದ ಅಗಲವಾಗುತ್ತಲೇ ಬಂದಿದೆ. ಪಾಯಿಂಟ್ ಎಂದ ಕೂಡಲೇ ಅದು ದುಡ್ಡು ಎನ್ನುವುದು ಮನಸ್ಸಿನಿಂದ ಮರೆಯಾಗುತ್ತದೆ, ಅದಕ್ಕೇ ಪಾಯಿಂಟ್.

ಒಂದು ಉದಾಹರಣೆ ಹಾಕಿಕೊಳ್ಳೋಣ. ಬೇಕಾದ ಡ್ರೆಸ್ಸಿಗೆ 450 ನಾಣ್ಯ. ಅಂಗಡಿಯಲ್ಲಿ ಸಿಗುವುದು 80 ನಾಣ್ಯದ ಪ್ಯಾಕ್ 89 ರೂಪಾಯಿಗೆ, 400ರದ್ದು 420ಕ್ಕೆ. 450 ಎಂಬ ಪ್ಯಾಕೇ ಇಲ್ಲ. ಎರಡೂ ಕೊಂಡರೆ 509 ರೂಪಾಯಿ ಹೋಯಿತು, 30 ನಾಣ್ಯ ಉಳಿಯಿತು. ಆ 30ಕ್ಕೆ ಏನೂ ಬರುವುದಿಲ್ಲ, ಆದರೆ ಅದು ಅಲ್ಲಿ ಕೂತು ಮುಂದಿನ ಸಲ ಕರೆಯುತ್ತಿರುತ್ತದೆ. ಉಳಿದ ನಾಣ್ಯಕ್ಕೆ ಬೆಲೆಯೇ ಇಲ್ಲ ಎಂದುಕೊಂಡು ಲೆಕ್ಕ ಹಾಕಿ. ಡ್ರೆಸ್ಸಿನ ಬೆಲೆ 509. ಅದನ್ನು ಬಾಯಿಬಿಟ್ಟು ಹೇಳಿ: "ಐನೂರ ಒಂಬತ್ತು ರೂಪಾಯಿ." ಹೇಳಿದ ಮೇಲೂ ಬೇಕೆನಿಸಿದರೆ ತೆಗೆದುಕೊಳ್ಳಿ.

ಕೊಳ್ಳುವ ವಸ್ತುವಿನಲ್ಲಿ ನಾನು ವ್ಯತ್ಯಾಸ ಮಾಡುತ್ತೇನೆ. ಹೊಸ ಕಥೆ, ಹೊಸ ಊರು, ಹತ್ತಿಪ್ಪತ್ತು ಗಂಟೆಯ ಹೊಸ ಆಟ ಕೊಡುವ ಮೇಲುಭಾಗ ನ್ಯಾಯವಾದ ಮಾಲು, ದುಡಿದವರಿಗೆ ಸಂಬಳ ಸಲ್ಲಬೇಕು. ಬರೀ ಅಂದಕ್ಕೆ ಇರುವ ಸ್ಕಿನ್, ಅಂದರೆ ಪಾತ್ರದ ಬಟ್ಟೆ, ಬಂದೂಕಿನ ಬಣ್ಣ, ಅವರವರ ಆಸೆ. ಉಚಿತ ಗೇಮನ್ನು ವರ್ಷಗಟ್ಟಲೆ ಆಡಿದವನು ವರ್ಷಕ್ಕೊಂದು ಸ್ಕಿನ್ ಕೊಂಡರೆ ನಾನು ತಪ್ಪೆನ್ನುವುದಿಲ್ಲ. ಗೆಲ್ಲುವ ಶಕ್ತಿಯನ್ನೇ ಮಾರುವ ಗೇಮಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇವತ್ತು ಕೊಂಡ ಶಕ್ತಿ ಮುಂದಿನ ತಿಂಗಳು ಬರುವ ಹೊಸ ಬಂದೂಕಿನ ಮುಂದೆ ಸಪ್ಪೆ. ಕಾಯುವ ಹೊತ್ತನ್ನು ಕಡಿಮೆ ಮಾಡಲು ದುಡ್ಡು ಕೇಳುವ ಗೇಮ್ ಬಗ್ಗೆಯೂ ನನಗೆ ಗೌರವವಿಲ್ಲ, ಆ ಕಾಯಿಸುವಿಕೆಯನ್ನು ಮಾಡಿಟ್ಟವರೇ ಅವರು.

ಅದೃಷ್ಟದ ಪೆಟ್ಟಿಗೆಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪೆಟ್ಟಿಗೆ ತೆರೆದರೆ ಏನು ಬರುತ್ತದೋ ಗೊತ್ತಿಲ್ಲ, ಬೇಕಾದದ್ದು ಬರುವ ಸಾಧ್ಯತೆ ನೂರಕ್ಕೆ ಒಂದು ಎಂದಿರುತ್ತದೆ. ನೂರು ಪೆಟ್ಟಿಗೆ ತೆರೆದರೆ ಬಂದೇ ಬರುತ್ತದೆ ಎಂದು ಹುಡುಗರು ನಂಬಿರುತ್ತಾರೆ. ಹಾಗೇನಿಲ್ಲ. ಪ್ರತಿ ಪೆಟ್ಟಿಗೆಯೂ ಹೊಸದು, ಹಿಂದಿನದರ ನೆನಪು ಅದಕ್ಕಿಲ್ಲ. ಲೆಕ್ಕ ಹಾಕಿದರೆ ನೂರು ನೂರು ಪೆಟ್ಟಿಗೆ ತೆರೆದ ನೂರು ಜನರಲ್ಲಿ ಸುಮಾರು 37 ಮಂದಿ ಬರಿಗೈ. ಕೆಲವು ಗೇಮ್‌ಗಳಲ್ಲಿ ಇಷ್ಟು ಸಲಕ್ಕೆ ಖಚಿತ ಎನ್ನುವ ಮಿತಿ ಇರುತ್ತದೆ. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಐದು ನಕ್ಷತ್ರದ ಪಾತ್ರ ಸಿಗುವ ಸಾಧ್ಯತೆ ಪ್ರತಿ ಸಲಕ್ಕೆ ಶೇ. 0.6, 90ನೆಯ ಸಲಕ್ಕೆ ಖಚಿತ. ಆದರೆ ಖಚಿತವಾಗಿ ಬರುವುದು ನೀವು ಬಯಸಿದ ಪಾತ್ರವೇ ಆಗಬೇಕೆಂದಿಲ್ಲ. ಅದು ತಪ್ಪಿದರೆ 180 ಸಲದವರೆಗೂ ಹೋಗಬಹುದು. ಆದ್ದರಿಂದ ಇಂಥ ಕಡೆ ಬೆಲೆ ಎಂದರೆ ಕೊನೆಯ ಮಿತಿಯವರೆಗಿನ ಬೆಲೆ. ಗೆಳೆಯನಿಗೆ ಎರಡನೇ ಸಲಕ್ಕೇ ಬಂತು ಎನ್ನುವುದು ಲೆಕ್ಕವಲ್ಲ. ಬೆಲ್ಜಿಯಂ ದೇಶ 2018ರಲ್ಲಿ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜು ಎಂದೇ ಹೇಳಿತು. ನನ್ನ ಅಭಿಪ್ರಾಯವೂ ಅದೇ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಜಾಗವಿಲ್ಲ.

ಸೀಸನ್ ಪಾಸ್: ಕೊನೆಯ ವಾರ ಕೊಳ್ಳಿ

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಕೆಲವು ವರ್ಷದ ಹಿಂದೆ ಜುಲೈ ಮೊದಲ ವಾರ ಒಂದು ಗೇಮಿನ ಪಾಸ್ ಕೊಂಡೆ. ಹಂತ ಹಂತವಾಗಿ ಆಡಿದರೆ ಬಹುಮಾನಗಳು ತೆರೆಯುತ್ತವೆ, ಸೀಸನ್ ಮುಗಿದರೆ ತೆರೆಯದ್ದು ಹೋಯಿತು. ಆ ಸಲ ಊರ ಮನೆಯಲ್ಲಿ ಹನ್ನೊಂದು ದಿನ ಕರೆಂಟಿರಲಿಲ್ಲ. ಯುಪಿಎಸ್ ಮೊದಲ ರಾತ್ರಿಯೇ ಕೈಕೊಟ್ಟಿತು. ಅಮ್ಮನಿಗೆ ಹುಷಾರಿಲ್ಲದ್ದರಿಂದ ಅಲ್ಲೇ ಉಳಿದಿದ್ದೆ. ವಾಪಸ್ ಬರುವಷ್ಟರಲ್ಲಿ ಸೀಸನ್ ಮುಗಿದಿತ್ತು, ಅರ್ಧಕ್ಕಿಂತ ಹೆಚ್ಚು ಬಹುಮಾನ ಬೀಗ ಹಾಕಿಕೊಂಡೇ ಉಳಿಯಿತು. ಕಂಪನಿಗೆ ಬರೆದೆ. ಎರಡು ಸಾಲಿನ ಉತ್ತರ ಬಂತು, ಹಣ ಬರಲಿಲ್ಲ.

ಆಮೇಲೆ ಗಮನಿಸಿದೆ: ಬಹುತೇಕ ಪಾಸ್‌ಗಳಲ್ಲಿ, ಪಾಸ್ ಕೊಳ್ಳದೆ ಆಡಿದರೂ ನಿಮ್ಮ ಹಂತ ಏರುತ್ತದೆ. ಯಾವಾಗ ಕೊಂಡರೂ ಅಲ್ಲಿಯವರೆಗೆ ಏರಿದ ಹಂತಗಳ ಬಹುಮಾನ ಒಟ್ಟಿಗೆ ಸಿಗುತ್ತದೆ. ನಿಮ್ಮ ಗೇಮಿನಲ್ಲಿ ಹಾಗಿದೆಯೇ ಎಂದು ನಿಯಮ ಓದಿಕೊಳ್ಳಿ. ಇದ್ದರೆ ಸೀಸನ್ ಪೂರ್ತಿ ಉಚಿತವಾಗಿ ಆಡಿ, ಕೊನೆಯ ವಾರ ಎಷ್ಟನೇ ಹಂತದಲ್ಲಿದ್ದೀರಿ, ಏನೇನು ಸಿಗುತ್ತದೆ ನೋಡಿ, ಆಗ ತೀರ್ಮಾನಿಸಿ. ಬೆಳೆ ಕಣಕ್ಕೆ ಬಂದ ಮೇಲೆ ರೇಟು ಮಾತಾಡಿದ ಹಾಗೆ. ಕಂಪನಿಯವರು ಮೊದಲ ದಿನವೇ ಕೊಳ್ಳಿ ಎಂದು ಪರದೆ ತುಂಬ ಗಡಿಯಾರ ಓಡಿಸುತ್ತಾರೆ, ಓಡಿಸಲಿ.

ಹೆಜ್ಜೆ 5: ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆ್ಯಪ್ ಇದಲ್ಲ ಎಂದು ಖಾತ್ರಿ ಮಾಡಿಕೊಳ್ಳಿ

ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಹಣ ಪಣಕ್ಕಿಟ್ಟು ಹಣ ಗೆಲ್ಲುವ ಆಟಗಳನ್ನು ನಡೆಸುವುದು, ಅವುಗಳ ಜಾಹೀರಾತು ಕೊಡುವುದು ಅದರಲ್ಲಿ ಅಪರಾಧ. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲ. ಪಣವಾಗದ ಹಾಗೆ ಚಂದಾ ಅಥವಾ ಪ್ರವೇಶ ಶುಲ್ಕ ತೆಗೆದುಕೊಳ್ಳುವ ಸಾಮಾಜಿಕ ಗೇಮ್‌ಗಳಿಗೆ ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ಗುರುತಿಸುವುದು ಸುಲಭ: ಹಾಕಿದ ದುಡ್ಡು ಹೆಚ್ಚಾಗಿ ವಾಪಸ್ ಬರುತ್ತದೆ ಎಂದು ಆ್ಯಪ್ ಹೇಳಿದರೆ ಅದು ಗೇಮ್ ಚಂದಾ ಅಲ್ಲ, ಅದರಿಂದ ದೂರವಿರಿ.

ಹೆಜ್ಜೆ 6: ಮಕ್ಕಳ ಕೈಯಲ್ಲಿ ಫೋನ್ ಇದ್ದರೆ

ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಮಾಡಿ. ಬೆರಳಚ್ಚು ನಿಮ್ಮದು ಮಾತ್ರ ಇರಲಿ. ಮಗುವಿನ ಬೆರಳನ್ನೂ ಅದೇ ಫೋನಿಗೆ ಸೇರಿಸಿ ಆಮೇಲೆ ಗೋಳಾಡಿದವರನ್ನು ಕಂಡಿದ್ದೇನೆ. ಮಗುವಿಗೆ ಬೇರೆ ಫೋನ್ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್‌ನಲ್ಲಿ ಮಕ್ಕಳ ಖಾತೆ ತೆರೆಯಿರಿ, ಖರೀದಿಗೆ ಒಪ್ಪಿಗೆ ನಿಮ್ಮ ಫೋನಿಗೆ ಬರುತ್ತದೆ. ಪ್ಲೇ ಸ್ಟೋರಿನಲ್ಲಿ ತಿಂಗಳ ಬಜೆಟ್ ಬರೆದಿಡಬಹುದು, ಆದರೆ ಅದು ಮಿತಿ ಮೀರಿದಾಗ ಎಚ್ಚರಿಸುತ್ತದೆ ಅಷ್ಟೇ, ತಡೆಯುವುದಿಲ್ಲ.

ನನಗೆ ಎಲ್ಲಕ್ಕಿಂತ ಒಳ್ಳೆಯದೆನಿಸಿದ್ದು ಪ್ರೀಪೇಯ್ಡ್ ಕೋಡ್. ಕಾರ್ಡ್, ಯುಪಿಐ ಎರಡನ್ನೂ ಖಾತೆಯಿಂದ ತೆಗೆದುಬಿಡಿ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ನಿಗದಿ ಮೊತ್ತದ ಪ್ಲೇ ಕೋಡ್ ಕೊಂಡು ಮಗುವಿಗೆ ಕೊಡಿ. ಮುಗಿದರೆ ಮುಗಿಯಿತು. ಏನು ಕೊಳ್ಳಬೇಕೆಂದು ಮಗುವೇ ತೀರ್ಮಾನಿಸಲಿ. ಜಾತ್ರೆಗೆ ಹೋಗುವಾಗ ಅಜ್ಜ ಕೈಗೆ ನೂರು ರೂಪಾಯಿ ಇಡುತ್ತಿದ್ದರಲ್ಲ, ಪೀಪಿ ಕೊಳ್ಳುವುದೋ ಬತ್ತಾಸು ತಿನ್ನುವುದೋ ನಮ್ಮ ಇಷ್ಟ. ಆ ನೂರರಲ್ಲಿ ನಾವು ಕಲಿತದ್ದನ್ನು ಮಕ್ಕಳು ಈ ಕೋಡಿನಲ್ಲಿ ಕಲಿಯುತ್ತಾರೆ.

ಅರ್ಧ ಬೆಲೆಗೆ ಡೈಮಂಡ್, ಯುಸಿ ಕೊಡುತ್ತೇವೆ ಎಂದು ಟೆಲಿಗ್ರಾಂನಲ್ಲಿ ಕರೆಯುವವರಿಗೆ ಮಕ್ಕಳು ಖಾತೆಯ ಪಾಸ್‌ವರ್ಡನ್ನೇ ಕೊಟ್ಟುಬಿಡುತ್ತಾರೆ. ಇದನ್ನು ಮೊದಲೇ ಕೂರಿಸಿ ಹೇಳಿ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹೊಡೆಯುತ್ತಾರೆಂದು ಮಗು ಎರಡು ದಿನ ಬಚ್ಚಿಟ್ಟರೆ ದುಡ್ಡು ತಡೆಹಿಡಿಯುವ ಅವಕಾಶವೂ ಕೈತಪ್ಪುತ್ತದೆ. ಆದ್ದರಿಂದ ತಪ್ಪಾದರೂ ಮೊದಲು ನನಗೆ ಹೇಳು, ಬೈಯುವುದಿಲ್ಲ ಎಂದು ಮಾತು ಕೊಟ್ಟಿರಿ, ಮತ್ತು ಆ ಮಾತು ಉಳಿಸಿಕೊಳ್ಳಿ.

ಹೆಜ್ಜೆ 7: ದುಡ್ಡು ವಾಪಸ್ ಕೇಳುವುದು

ಇಲ್ಲಿ ಹೊತ್ತೇ ಮುಖ್ಯ. ಪ್ಲೇ ಸ್ಟೋರಿನ ಖರೀದಿಯಾದರೆ 48 ಗಂಟೆಯೊಳಗೆ ಗೂಗಲ್‌ಗೇ ಕೇಳಿ. ಅದು ದಾಟಿದರೆ ಗೇಮ್ ಕಂಪನಿಯ ಕೈಕಾಲು ಹಿಡಿಯಬೇಕಾಗುತ್ತದೆ. ಸ್ಟೀಮ್ ಎನ್ನುವ ಪಿ.ಸಿ. ಗೇಮ್‌ಗಳ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಗೇಮನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಕಾರಣ ಕೇಳದೆ ವಾಪಸ್ ತೆಗೆದುಕೊಳ್ಳುತ್ತಾರೆ. ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಗೇಮ್ ಓಡುತ್ತದೋ ಇಲ್ಲವೋ ಎಂದು ನೋಡಲು ಆ ಎರಡು ಗಂಟೆ ಸಾಕು. ಅದಕ್ಕೇ ಹೊಸ ಗೇಮನ್ನು ಬಿಡುವಿರುವ ದಿನವೇ ಕೊಳ್ಳಿ, ಕೊಂಡು ಇಟ್ಟುಕೊಳ್ಳಬೇಡಿ.

ರದ್ದು ಮಾಡುವ ಗುಂಡಿಯನ್ನು ಬಚ್ಚಿಟ್ಟ ಚಂದಾ, ಇನ್ನು ಹತ್ತೇ ನಿಮಿಷ ಎಂಬ ಸುಳ್ಳು ಆತುರ, ಬೇಡವೆಂದರೆ ನಾಚಿಸುವ ಮಾತು: ಇವನ್ನೆಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಮೋಸದ ವಿನ್ಯಾಸಗಳೆಂದು ಪಟ್ಟಿ ಮಾಡಿದೆ. ಒಟ್ಟು 13 ಬಗೆ ಇವೆ. ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ, ಕನ್ನಡದಲ್ಲೇ ಮಾತಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. 149 ರೂಪಾಯಿಗೆ ಯಾರು ಓಡಾಡುತ್ತಾರೆ ಎಂದು ಎಲ್ಲರೂ ಬಿಡುತ್ತಾರೆ. 1915ಕ್ಕೆ ಒಂದು ಫೋನ್ ಮಾಡುವುದಕ್ಕೆ ಓಡಾಟವಿಲ್ಲ, ಅಷ್ಟನ್ನಾದರೂ ಮಾಡಿ.

ಕೊಡುವ ಮೊದಲು ಉಚಿತವಾದದ್ದನ್ನು ನೋಡಿ

2024ರ ಡಿಸೆಂಬರ್‌ನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಅಂಗಡಿಗೂ ಚೆಸ್ ಆ್ಯಪ್ ಹಾಕಿಕೊಡಿ ಎಂದು ಬರುವ ಮಕ್ಕಳು ಹೆಚ್ಚಿದ್ದಾರೆ. ಚೆಸ್‌ಗೆ ತಿಂಗಳ ಚಂದಾ ಕಟ್ಟುವ ಮೊದಲು ಲೀಚೆಸ್ ನೋಡಿ. ಜನರ ದೇಣಿಗೆಯಿಂದ ನಡೆಯುತ್ತದೆ, ಜಾಹೀರಾತಿಲ್ಲ, ಆಟದ ವಿಶ್ಲೇಷಣೆ, ಪಜಲ್ ಎಲ್ಲ ಉಚಿತ. ಶಾಲೆ ಮಟ್ಟದ ಮಕ್ಕಳಿಗೆ ಅದು ಧಾರಾಳ ಸಾಕು. ಪಿ.ಸಿ. ಇದ್ದವರಿಗೆ ಎಪಿಕ್ ಗೇಮ್ಸ್ ಸ್ಟೋರ್ ವಾರವಾರ ಒಂದಾದರೂ ಗೇಮನ್ನು ಉಚಿತವಾಗಿ ಕೊಡುತ್ತದೆ. ಆ ವಾರ ಪಡೆದುಕೊಂಡರೆ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ವರ್ಷ ಹೀಗೆ ಕೂಡಿಸಿಕೊಂಡವರಿಗೆ 399ರ ಗ್ರಂಥಾಲಯ ಬೇಕಾಗುವುದು ಅಪರೂಪ. ಮನೆಯಲ್ಲಿ ಮೂರ್ನಾಲ್ಕು ಜನ ಆಡುವವರಿದ್ದು, ಫೈಬರ್ ಇದ್ದು, ತಿಂಗಳಿಗೊಂದು ಹೊಸ ಗೇಮ್ ಮುಗಿಸುವ ಹುರುಪಿದ್ದರೆ ಮಾತ್ರ ಅದು ನಿಜಕ್ಕೂ ಅಗ್ಗ. ಅಂಥ ಮನೆಗಳೂ ಇವೆ, ಅವರಿಗೆ ನಾನೇ ಹಾಕಿಸಿ ಕೊಟ್ಟಿದ್ದೇನೆ.

ಅವತ್ತು ಆ ಅಪ್ಪ-ಮಗ ಅಂಗಡಿಯಲ್ಲೇ ತೀರ್ಮಾನಿಸಿದರು. ತಿಂಗಳ ಕಾರ್ಡ್ ರದ್ದು, ಗ್ರಂಥಾಲಯ ರದ್ದು. ಗೆಳೆಯರ ಜೊತೆಗಿನ ಫುಟ್‌ಬಾಲ್ ಇರಲಿ, ಆದರೆ ತಿಂಗಳು ತಿಂಗಳು ನೋಡಿ ಕಟ್ಟುವುದು. ಹುಡುಗ ಎಪಿಕ್‌ನಲ್ಲಿ ಸಿಕ್ಕಿದ್ದ ಎರಡು ಗೇಮ್‌ಗಳನ್ನು ನಮ್ಮ ಫೈಬರಿನಲ್ಲಿ ಇಳಿಸಿಕೊಂಡು ಹೋದ.

ದಸರಾ ರಜೆಯಲ್ಲಿ ಲ್ಯಾಪ್‌ಟಾಪಿನ ಫ್ಯಾನ್ ಬದಲಿಸಲು ಬಂದಾಗ ಬ್ಯಾಗಿನಲ್ಲಿ ನೋಟ್‌ಬುಕ್ಕೂ ಇತ್ತು. ಹಳೆಯ ಚೆಕ್‌ರೋಲ್ ಪುಸ್ತಕವೇ ಅದು, ಹಿಂದಿನ ಪುಟಗಳಲ್ಲಿ ಕಳೆ ತೆಗೆದವರ ಹಾಜರಿ. ಜುಲೈನಲ್ಲಿ ಒಂಬತ್ತು ಸಾಲು, ಸೆಪ್ಟೆಂಬರ್‌ನಲ್ಲಿ ಹದಿನೇಳು. ಆಗಸ್ಟ್ ಪುಟ ಪೂರ್ತಿ ಖಾಲಿ, ನಡುವೆ ಅಪ್ಪನ ಕೈಬರಹದಲ್ಲಿ ಒಂದೇ ಸಾಲು: "ಕರೆಂಟ್ ಇಲ್ಲ. ಕಟ್ಟಿದ್ದು 0."